ಕತ್ತರಿಗೆಂದೇ ಸಾಕಿದ ಪಂಜರ

ನಾನು ಒಂದು ಹಕ್ಕಿಪಂಜರ. ಹುಟ್ಟಿದ್ದು ಹಂಗೇರಿ ದೇಶದ ಬುಡಾಪೆಸ್ಟ್ ನಗರದಲ್ಲಿ, ಎರಡನೆಯ ಮಹಾಯುದ್ಧಕ್ಕೆ ಎರಡು ವರ್ಷ ಮೊದಲು. ಬೀದಿ ಬೀದಿ ಅಲೆದು, ಬಿರುಕುಬಿಟ್ಟ ಮಡಕೆಗಳಿಗೆ ತಂತಿ ಬಿಗಿದು ಕೊಡುತ್ತಿದ್ದ ಒಬ್ಬ ಕೆಲಸಗಾರ ನನ್ನನ್ನು ಹೆಣೆದ. ಅರವತ್ತೆರಡು ತಂತಿ, ತಲೆಯ ಮೇಲೊಂದು ದುಂಡನೆಯ ಗುಮ್ಮಟ, ಕೆಳಗೆ ತಗಡಿನ ತಟ್ಟೆ, ಮುಂದೆ ಪುಟ್ಟ ಬಾಗಿಲು, ಅದಕ್ಕೊಂದು ಚಿಲಕ. ಮುಗಿಸಿದ ಮೇಲೆ ಆತ ನನ್ನನ್ನು ಕಣ್ಣೆತ್ತರಕ್ಕೆ ಹಿಡಿದು, ಒಂದು ಸುತ್ತು ತಿರುಗಿಸಿ, "ಪರವಾಗಿಲ್ಲ, ಲಕ್ಷಣವಾಗಿದ್ದೀಯ" ಅಂದ. ಆ ಒಂದು ಮಾತು ನನ್ನ ತಲೆ ಕೆಡಿಸಿತು. ಅವತ್ತಿನಿಂದ ನನಗೆ ನಾಲ್ಕು ಜನ ನನ್ನನ್ನು ನೋಡಬೇಕು ಅನ್ನುವ ಗೀಳು ಹತ್ತಿತು. ಲೋಹದ ಜನ್ಮಕ್ಕೆ ಈ ಗೀಳು ಯಾಕೆ ಬೇಕಿತ್ತೋ!

ಮೊದಲ ಒಡತಿ ಪಿಯಾನೋ ಕಲಿಸುವ ಒಬ್ಬ ವಿಧವೆ. ಆಕೆ ನನ್ನೊಳಗೆ ಹಳದಿ ಬಣ್ಣದ ಕೆನರಿ ಹಕ್ಕಿಯೊಂದನ್ನು ಸಾಕಿದ್ದಳು. ನಾಲ್ಕು ವರ್ಷ ಅದು ಹಾಡಿತು. ಖುಷಿಗೆ ಹಾಡುತ್ತಿತ್ತೋ ಬೇಜಾರಿಗೆ ಹಾಡುತ್ತಿತ್ತೋ ನಾನು ವಿಚಾರಿಸಲು ಹೋಗಲಿಲ್ಲ. ಹಿಡಿದಿಟ್ಟುಕೊಳ್ಳುವುದು ನನ್ನ ಕೆಲಸ, ಹಿಡಿದಿಟ್ಟುಕೊಂಡೆ. ಯುದ್ಧದ ಕೊನೆಯ ಚಳಿಗಾಲದಲ್ಲಿ ಮನುಷ್ಯರಿಗೇ ಕಾಳಿಲ್ಲದಾಗ ಹಕ್ಕಿಗೆಲ್ಲಿಂದ ಬರಬೇಕು? ಒಂದು ಬೆಳಿಗ್ಗೆ ಅದು ತಟ್ಟೆಯ ಮೇಲೆ ಬಿದ್ದಿತ್ತು. ಆಕೆ ಅದನ್ನು ಹೂಕುಂಡದಲ್ಲಿ ಹೂತು, ನನ್ನ ಮೇಲೊಂದು ಬಟ್ಟೆ ಹೊದಿಸಿಬಿಟ್ಟಳು. ಆಕೆ ತೀರಿಕೊಂಡ ಮೇಲೆ ಯಾರೋ ನನ್ನನ್ನು ಹಳೆ ಸಾಮಾನಿನ ಸಂತೆಗೆ ಒಯ್ದರು. ಅಲ್ಲಿಂದ ನಾನು ಸೇರಿದ್ದು ಒಂದು ಸಿನಿಮಾ ಸ್ಟುಡಿಯೋದ ಉಗ್ರಾಣಕ್ಕೆ.

ಸಿನಿಮಾ ಅಂದಾಕ್ಷಣ ನಾನು ಹಿಗ್ಗಿಹೋದೆ. ಇನ್ನು ನಾಲ್ಕು ಜನ ಏನು, ನಾಲ್ಕು ಲಕ್ಷ ಜನ ನೋಡುತ್ತಾರೆ! ಆದರೆ ಉಗ್ರಾಣ ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಕಿಟಕಿಯಿಲ್ಲದ ಉದ್ದನೆಯ ಕೊಠಡಿ. ಸಿಂಹಾಸನ, ಶವಪೆಟ್ಟಿಗೆ, ಟೆಲಿಫೋನು, ರಟ್ಟಿನ ಕೇಕು ಎಲ್ಲವೂ ಮೈಗೆ ನಂಬರಿನ ಚೀಟಿ ಕಟ್ಟಿಸಿಕೊಂಡು ಕೂತಿರುತ್ತವೆ. ಯಾರಾದರೂ ಬಂದು ಕಾಗದಕ್ಕೆ ರುಜು ಹಾಕಿದರೆ ಮಾತ್ರ ಹೊರಗೆ ಹೋಗುವ ಭಾಗ್ಯ. ನನ್ನನ್ನು ಒಂದು ಕೊಕ್ಕೆಗೆ ನೇತುಹಾಕಿದರು. ಎಂಟು ವರ್ಷ ನಾನು ಅದೇ ಕೊಕ್ಕೆಯಲ್ಲಿ ಎದುರಿನ ಗೋಡೆ ನೋಡಿಕೊಂಡು ಇದ್ದೆ. ಹಕ್ಕಿಗೆ ಹೇಗಾಗಿದ್ದಿರಬಹುದು ಅಂತ ಆಗ ಸ್ವಲ್ಪ ಸ್ವಲ್ಪ ತಿಳಿಯಿತು.

ಸಾವಿರದ ಒಂಬೈನೂರ ಅರವತ್ತರಲ್ಲಿ ಬಾಲಿಂಟ್ ಕೆರೆಕೆಶ್ ಬಂದ. ಇಪ್ಪತ್ತಾರು ವಯಸ್ಸಿನ ಹೊಸ ನಿರ್ದೇಶಕ, ಸಣಕಲು ಮೈ, ಸಿಗರೇಟಿನ ವಾಸನೆ. ಜೊತೆಯಲ್ಲಿ ಸಂಕಲನದ ಮೇಜಿನಲ್ಲಿ ಫಿಲ್ಮು ಕತ್ತರಿಸಿ ಅಂಟಿಸುವ ಮಾಗ್ದಿ ನೇನಿ. ನೇನಿ ಅಂದರೆ ಆ ಊರಲ್ಲಿ ದೊಡ್ಡ ಹೆಂಗಸರನ್ನು ಕರೆಯುವ ಮಾತು, ನೀವು ಅತ್ತೆ ಅಂತಲೋ ಚಿಕ್ಕಮ್ಮ ಅಂತಲೋ ಅನ್ನುವ ಹಾಗೆ. ಬಾಲಿಂಟ್ ಸಾಲು ಸಾಲು ಸಾಮಾನು ನೋಡುತ್ತ ಬಂದು ನನ್ನ ಮುಂದೆ ನಿಂತ.

"ಇದು ಹೇಗೆ, ಮಾಗ್ದಿ ನೇನಿ?"

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಖಾಲಿ ಪಂಜರವಾ? ಅಯ್ಯೋ, ಕುರುಡನಿಗೂ ಅರ್ಥ ಆಗುತ್ತಲ್ಲೋ. ಇದಕ್ಕಿಂತ ಕೆಟ್ಟದ್ದು ಸಿಗೋದೇ ಇಲ್ಲ. ತಗೋ, ತಗೋ."

ಕೆಟ್ಟದ್ದು ಅಂದಳು, ಮತ್ತೆ ತಗೋ ಅಂದಳು. ಈ ಒಗಟು ಬಿಡಿಸಲು ನನಗೆ ಎರಡು ತಿಂಗಳು ಬೇಕಾಯಿತು. ಆ ಕಾಲದಲ್ಲಿ ಅಲ್ಲಿ ಯಾವ ಸಿನಿಮಾ ಆಗಲಿ, ಟೆಲಿವಿಷನ್ ನಾಟಕ ಆಗಲಿ, ಮೊದಲು ಒಂದು ಸಮಿತಿಯ ಮುಂದೆ ಹೋಗಬೇಕಿತ್ತು. ಆರು ಕುರ್ಚಿಯ ಚಿಕ್ಕ ಕೋಣೆ, ಗೋಡೆಗೊಂದು ಪರದೆ. ಕಮ್ಯುನಿಸ್ಟ್ ಸರ್ಕಾರಕ್ಕೆ ಇರುಸುಮುರುಸಾಗುವಂಥದ್ದು ಏನಾದರೂ ಕಂಡರೆ ಅವರು ತೆಗೆಸುತ್ತಿದ್ದರು. ಏನೂ ಕಾಣದಿದ್ದರೂ ತೆಗೆಸುತ್ತಿದ್ದರು. ಯಾಕೆಂದರೆ ಏನೂ ತೆಗೆಯದೆ ಕಳಿಸಿದರೆ ಮೇಲಿನವರು, "ಏನು, ಕಣ್ಣು ಮುಚ್ಚಿಕೊಂಡು ಕೂತಿದ್ರಾ?" ಅಂತ ಕೇಳುತ್ತಾರೆ. ಅದಕ್ಕೇ ಅನುಭವಸ್ಥ ನಿರ್ದೇಶಕರು ತಮಗೆ ಬೇಕಾದ ದೃಶ್ಯಗಳನ್ನು ಉಳಿಸಿಕೊಳ್ಳಲು ಬೇಡವಾದ ಒಂದು ದೃಶ್ಯವನ್ನು ಬೇಕೆಂದೇ ಚಿತ್ರಿಸಿ ನಡುವೆ ಇಡುತ್ತಿದ್ದರು. ನೋಡಿದ ತಕ್ಷಣ ಅನುಮಾನ ಬರಬೇಕು, ಕತ್ತರಿ ಅಲ್ಲಿಗೇ ಹೋಗಬೇಕು. ನಿಮ್ಮಲ್ಲಿ ಮನೆ ಕಟ್ಟುವಾಗ ಮುಂದೆ ವಿಕಾರ ಮೂತಿಯ ದೃಷ್ಟಿಗೊಂಬೆ ಕಟ್ಟುತ್ತಾರಲ್ಲ, ಬಾಲಿಂಟನ ಸಿನಿಮಾಗಳಿಗೆ ನಾನು ಆ ಗೊಂಬೆ.

ಮೊದಲ ಚಿತ್ರ ಒಂದು ನೂಲಿನ ಗಿರಣಿಯ ಕಥೆ. ಕಿಟಕಿಯಲ್ಲಿ ನನ್ನನ್ನು ನೇತುಹಾಕಿ, ಬಾಗಿಲು ತೆರೆದಿಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಇಪ್ಪತ್ತು ಸೆಕೆಂಡು ಕ್ಯಾಮೆರಾ ನನ್ನ ಮೇಲೆಯೇ ಇಟ್ಟರು. ನನ್ನ ಜನ್ಮ ಸಾರ್ಥಕವಾಯಿತು ಅಂದುಕೊಂಡೆ. ಸಮಿತಿಗೆ ತೋರಿಸುವ ದಿನ ಬಾಲಿಂಟ್ ನನ್ನನ್ನೂ ಕಂಕುಳಲ್ಲಿ ಇರುಕಿಕೊಂಡು ಹೋದ. ದೀಪ ಹತ್ತಿದ ಮೇಲೆ ಸಮಿತಿಯ ಮುಖ್ಯಸ್ಥ ಕಾಮ್ರೇಡ್ ಬೊಗ್ನಾರ್ ಗಂಟಲು ಸರಿಮಾಡಿಕೊಂಡ. ಗುಂಡು ಮುಖದ, ಮೆಲುದನಿಯ ಮನುಷ್ಯ.

"ಕಾಮ್ರೇಡ್ ಕೆರೆಕೆಶ್, ಆ ಪಂಜರದ ಅರ್ಥ ಏನು?"

"ಅರ್ಥವಾ? ಅದು ಬರೀ ಪಂಜರ, ಕಾಮ್ರೇಡ್. ನೋಡಿ, ಇಲ್ಲೇ ತಂದಿದ್ದೀನಿ."

"ಖಾಲಿ ಯಾಕಿದೆ? ಬಾಗಿಲು ಯಾಕೆ ತೆಗೆದಿದೆ? ಹಕ್ಕಿ ಎಲ್ಲಿಗೆ ಹೋಯಿತು ಅಂತ ಜನ ಕೇಳೋದಿಲ್ಲವೇ?"

ಬಾಲಿಂಟ್ ಅರ್ಧ ಗಂಟೆ ವಾದ ಮಾಡಿದ. ಕೂದಲು ಕಿತ್ತುಕೊಂಡ. ಕಲೆ ಅಂದ, ಬೆಳಕು ಅಂದ, ನನ್ನ ಚಿತ್ರದ ಜೀವವೇ ಇದು ಅಂದ. ಕೊನೆಗೆ ಭುಜ ಇಳಿಬಿಟ್ಟು, "ಆಗಲಿ, ತೆಗೀತೀನಿ" ಅಂದ. ಅವನ ಕಣ್ಣಲ್ಲಿ ನೀರೂ ಇತ್ತು. ನಾನು ಅದನ್ನು ನಂಬಿಬಿಟ್ಟೆ. ಮೆಟ್ಟಿಲಿಳಿದು ಬೀದಿಗೆ ಬಂದದ್ದೇ ತಡ, ಅವನೂ ಮಾಗ್ದಿಯೂ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. ಗಿರಣಿಯ ಹೆಂಗಸರು ಸಾಲಾಗಿ ನಿಂತು ತಮ್ಮ ಕಷ್ಟ ಹೇಳುವ ದೃಶ್ಯಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ನನ್ನ ಇಪ್ಪತ್ತು ಸೆಕೆಂಡನ್ನು ಮಾಗ್ದಿ ಕತ್ತರಿಸಿ ಚೀಲಕ್ಕೆ ಹಾಕಿದಳು. ಬೇಡವಾದ ಫಿಲ್ಮಿನ ಚೂರುಗಳನ್ನು ಮೂಟೆ ಕಟ್ಟಿ, ಅದರಲ್ಲಿರುವ ಬೆಳ್ಳಿ ತೆಗೆಯಲು ಒಂದು ಕಾರ್ಖಾನೆಗೆ ಕಳಿಸುತ್ತಿದ್ದರು. ನಾನೂ ಆ ಮೂಟೆಯಲ್ಲಿ ಹೋದೆ.

ಆಮೇಲೆ ಹತ್ತು ವರ್ಷ ಇದೇ ಕಥೆ. ಬಾಲಿಂಟನ ಹೆಸರು ಬೆಳೆಯಿತು. ಸಿನಿಮಾ ಐದು ಮಾಡಿದ, ಟೆಲಿವಿಷನ್ ನಾಟಕ ಆರೇಳು, ಮಕ್ಕಳಿಗಾಗಿ ಒಂದು ಗೊಂಬೆ ಧಾರಾವಾಹಿ. ರಾಜಮಹಾರಾಜರ ಕಥೆಯಲ್ಲಿ ನಾನಿದ್ದೆ, ಟ್ರಾಕ್ಟರ್ ಕಥೆಯಲ್ಲಿ ನಾನಿದ್ದೆ, ಗೊಂಬೆ ಕರಡಿಯ ಮನೆಯಲ್ಲೂ ನೇತಾಡುತ್ತಿದ್ದೆ. ಬೊಗ್ನಾರ್ ಪ್ರತಿ ಸಲ ಅದೇ ಪ್ರಶ್ನೆ ಕೇಳುವನು, ಬಾಲಿಂಟ್ ಪ್ರತಿ ಸಲ ಕೂದಲು ಕಿತ್ತುಕೊಳ್ಳುವನು. ಅಷ್ಟೂ ಚಿತ್ರಗಳಲ್ಲಿ ನಟಿಸಿ ಒಂದರಲ್ಲೂ ಕಾಣಿಸದ ನಟ ನಾನೊಬ್ಬನೇ ಇರಬೇಕು. ಹಬ್ಬದ ದಿನ ಹರಕೆಯ ಕುರಿಗೆ ಹಾರ ಹಾಕುತ್ತಾರಲ್ಲ, ಅಂಥ ಮರ್ಯಾದೆ ನನ್ನದು. ನನಗೆ ಸಿಟ್ಟಿತ್ತು. ಒಂದೇ ಒಂದು ಸಲ ಬೊಗ್ನಾರ್ ಮರೆತು ನನ್ನನ್ನು ಬಿಟ್ಟುಬಿಡಲಿ ಅಂತ ಹಂಬಲಿಸುತ್ತಿದ್ದೆ.

ಪ್ರತಿ ಸಲ ರುಜು ಹಾಕುವ ತಾಪತ್ರಯ ಬೇಡವೆಂದು ಬಾಲಿಂಟ್ ನನ್ನನ್ನು ಉಗ್ರಾಣದಿಂದ ಬಿಡಿಸಿಕೊಂಡು ಮನೆಗೆ ತಂದಿದ್ದ. ಮೂರನೆಯ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಅವನೂ ಅವನ ತಾಯಿ ಇಲ್ಕಾ ನೇನಿಯೂ ಇಬ್ಬರೇ. ಆಕೆ ನನ್ನನ್ನು ಒಂದು ಕ್ಷಣ ನೋಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಳಗೆ ಈರುಳ್ಳಿ ತುಂಬಿ ಅಡುಗೆಮನೆಯ ಕಿಟಕಿಗೆ ನೇತುಹಾಕಿದಳು. "ಗಾಳಿ ಆಡುತ್ತೆ, ಕೊಳೆಯೋದಿಲ್ಲ" ಅಂದಳು. ಬೊಗ್ನಾರನಂತೆ ಅರ್ಥ ಕೇಳಲಿಲ್ಲ. ನಾನು ನಿಜವಾಗಿ ಸುಖವಾಗಿದ್ದ ಕಾಲ ಅಂದರೆ ಅದೇ. ಕಿಟಕಿಯ ಪಕ್ಕದ ಗೋಡೆಗೆ ಆಕೆ ನೀಲಿ ದಾರದಲ್ಲಿ ಕಸೂತಿ ಹಾಕಿದ ಒಂದು ಬಟ್ಟೆ ತೂಗುಬಿಟ್ಟಿದ್ದಳು. ಬಾವಿ, ಎರಡು ಬಾತುಕೋಳಿ, ಕೊಡ ಹಿಡಿದ ಹುಡುಗಿ. ಒಂದು ಬಾತುಕೋಳಿಗೆ ಕಾಲು ಹಾಕುವುದನ್ನು ಮರೆತಿದ್ದಳು.

ಆ ಮನೆಯಲ್ಲಿ ಒಂದು ಅಂಗಿ ಇತ್ತು. ಅದು ದೊಡ್ಡ ಮಗ ಗೇಜಾನದು. ಐವತ್ತಾರರ ಶರತ್ಕಾಲದಲ್ಲಿ ಊರಿನಲ್ಲಿ ಸರ್ಕಾರದ ವಿರುದ್ಧ ದಂಗೆಯೆದ್ದು, ಬೀದಿಗೆ ರಷ್ಯಾದ ಟ್ಯಾಂಕುಗಳು ಬಂದಾಗ ಗೇಜಾನೂ ಬಂದೂಕು ಹಿಡಿದಿದ್ದನಂತೆ. ದಂಗೆ ಮುರಿದುಬಿದ್ದ ಮೇಲೆ ಒಂದು ದಿನ ಗಡಿಯ ಕಡೆ ನಡೆದವನು ಮತ್ತೆ ಪತ್ತೆಯಿಲ್ಲ. ಬದುಕಿದ್ದಾನೋ ಇಲ್ಲವೋ, ಕಾಗದ ಇಲ್ಲ, ವಿಳಾಸ ಇಲ್ಲ. ಆ ಮನೆಯಲ್ಲಿ ಅವನ ಹೆಸರು ಎತ್ತುತ್ತಿರಲಿಲ್ಲ. ಇಲ್ಕಾ ನೇನಿ ಮಾತ್ರ ಪ್ರತಿ ಶನಿವಾರ ಅವನ ಬಿಳಿ ಅಂಗಿಯನ್ನು ಒಗೆದು, ನೀರು ಚಿಮುಕಿಸಿ, ಇಸ್ತ್ರಿ ಮಾಡಿ, ಮಡಚಿ ಬೀರುವಿನಲ್ಲಿ ಇಡುತ್ತಿದ್ದಳು. ಯಾರೂ ತೊಡದ ಆ ಅಂಗಿ ಬರೀ ಒಗೆದು ಒಗೆದೇ ತೆಳ್ಳಗಾಗಿತ್ತು. ಕಾಲರಿನ ಅಂಚು ಬಿಟ್ಟುಕೊಂಡಾಗ ಆಕೆ ಅದನ್ನು ಬಿಚ್ಚಿ ತಿರುಗಿಸಿ ಹೊಲಿದದ್ದನ್ನೂ ನಾನು ನೋಡಿದ್ದೇನೆ.

ಹತ್ತನೆಯ ವರ್ಷ ಬಾಲಿಂಟ್ ಒಂದು ದೊಡ್ಡ ಚಿತ್ರ ಶುರುಮಾಡಿದ. ಹೊರದೇಶಗಳ ಚಿತ್ರೋತ್ಸವಗಳಿಗೂ ಕಳಿಸುತ್ತೇವೆ ಅಂತ ಸ್ಟುಡಿಯೋದವರು ಹೇಳಿದ್ದರು. ಅದರಲ್ಲಿ ಅವನಿಗೆ ಒಬ್ಬ ತಾಯಿ ಬೇಕಿತ್ತು. ಒಂದು ದಿನ ಊಟದ ಮೇಜಿನಲ್ಲಿ ಕೇಳಿಯೇಬಿಟ್ಟ.

"ಅಮ್ಮಾ, ನೀನು ಕ್ಯಾಮೆರಾ ಮುಂದೆ ಇಸ್ತ್ರಿ ಮಾಡ್ತೀಯಾ?"

"ನಂಗೆ ನಟನೆ ಬರುತ್ತೇನೋ?"

"ನಟನೆ ಬೇಡ. ಶನಿವಾರ ಏನು ಮಾಡ್ತೀಯೋ ಅದನ್ನೇ ಮಾಡು. ಮಾತಿಲ್ಲ."

ಆಕೆ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು. ಆಮೇಲೆ, "ಈ ಸಿನಿಮಾ ಹೊರದೇಶಕ್ಕೂ ಹೋಗುತ್ತಾ?" ಅಂದಳು. ಹೋಗುತ್ತೆ ಅಂದ. "ಹಾಗಾದ್ರೆ ಮಾಡ್ತೀನಿ. ಎಲ್ಲಾದ್ರೂ ಇದ್ರೆ ನೋಡಲಿ ಅವನು. ಅಂಗಿ ಸಿದ್ಧವಾಗಿದೆ ಅಂತ ತಿಳಿಯಲಿ. ಆದ್ರೆ ಬಾಲಿಂಟ್, ಇದನ್ನ ಕತ್ತರಿಸೋದಿಲ್ಲ ಅಂತ ಮಾತು ಕೊಡು."

"ಮಾತು ಕೊಟ್ಟೆ ಅಮ್ಮ" ಅಂದ. ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಕತ್ತರಿಗೆ ಬಲಿ ಕೊಡಲು ನಾನಿದ್ದೇನಲ್ಲ ಅನ್ನುವ ಧೈರ್ಯ.

ನಮ್ಮ ಅಡುಗೆಮನೆಯಲ್ಲೇ ಚಿತ್ರೀಕರಣ. ನಾಲ್ಕು ನಿಮಿಷ, ಒಂದೇ ಸಲಕ್ಕೆ. ಆಕೆ ಬೆರಳುಗಳನ್ನು ಬಟ್ಟಲಲ್ಲಿ ಅದ್ದಿ ನೀರು ಚಿಮುಕಿಸಿದಳು. ತೋಳು, ಬೆನ್ನು, ಎದೆ, ಕೊನೆಗೆ ಕಾಲರು. ಇಸ್ತ್ರಿಪೆಟ್ಟಿಗೆ ಗುಂಡಿಗಳ ಸುತ್ತ ಮೆಲ್ಲಗೆ ಹೋಗುವಾಗ ಆಕೆಯ ತುಟಿ ಏನೋ ಹೇಳಿಕೊಳ್ಳುತ್ತಿತ್ತು. ಮಡಚಿದ ಮೇಲೆ ಅಂಗಿಯ ಮೇಲೆ ಅಂಗೈ ಇಟ್ಟು, ಬಿಸಿ ಆರುವವರೆಗೆ ಹಾಗೇ ನಿಂತಳು. ಕ್ಯಾಮೆರಾ ಹಿಡಿದಿದ್ದವನು ಮುಗಿದ ಮೇಲೂ ನಿಲ್ಲಿಸುವುದನ್ನು ಮರೆತಿದ್ದ. ನನಗೆ ನಾಚಿಕೆಯಾಯಿತು. ಹತ್ತು ವರ್ಷ ಕ್ಯಾಮೆರಾದ ಮುಂದೆ ನೇತಾಡಿ ನನಗೆ ಬಾರದ್ದು ಆಕೆಗೆ ಮೊದಲ ಸಲವೇ ಬಂದಿತ್ತು. ಸಂಜೆ, ಆಕೆ ಪಕ್ಕದ ಮನೆಗೆ ಹೋಗಿದ್ದಾಗ, ಈರುಳ್ಳಿ ಹೊರಗೆ ಸುರಿದು ಅದೇ ಅಡುಗೆಮನೆಯಲ್ಲಿ ನನ್ನ ದೃಶ್ಯಗಳನ್ನು ತೆಗೆದರು. ಈ ಸಲ ಒಂದಲ್ಲ, ಮೂರು. ಗೋಡೆಯ ಕಸೂತಿ ಬಟ್ಟೆ, ಕಿಟಕಿ, ಖಾಲಿ ನಾನು. ಎಷ್ಟು ಎದ್ದು ಕಂಡರೆ ಅಷ್ಟು ಒಳ್ಳೆಯದು ಅಂತ ಬಾಲಿಂಟನ ಲೆಕ್ಕಾಚಾರ.

ಸಮಿತಿಯ ಕೋಣೆ. ದೀಪ ಹತ್ತಿತು. ಬಾಲಿಂಟ್ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ವಾದಕ್ಕೆ ತಯಾರಾಗಿ ಕೂತಿದ್ದ. ಬೊಗ್ನಾರ್ ಕನ್ನಡಕ ತೆಗೆದು ಒರೆಸಿದ.

"ಪಂಜರ ಇರಲಿ, ಕಾಮ್ರೇಡ್ ಕೆರೆಕೆಶ್. ಚೆನ್ನಾಗಿದೆ. ಅಂಗಿ ತೆಗೆದುಬಿಡಿ."

ಬಾಲಿಂಟ್ ನನ್ನ ಚಿಲಕವನ್ನು ಬಿಗಿಯಾಗಿ ಹಿಡಿದುಕೊಂಡ.

"ಮೊನ್ನೆ ನನ್ನ ಹೆಂಡತಿ ಕೇಳಿದಳು" ಅಂತ ಬೊಗ್ನಾರ್ ಮುಂದುವರಿಸಿದ, ಅದೇ ಮೆಲುದನಿ. "'ಏನ್ರೀ, ಹತ್ತು ವರ್ಷದಿಂದ ಮನೆಗೆ ಬಂದು ಆ ಪಂಜರದ ಮಾತೇ ಆಡ್ತೀರಲ್ಲ, ಅವನು ಅಷ್ಟು ದಡ್ಡನಾ?' ಅಂದಳು. ಆಗ ಹೊಳೆಯಿತು, ನೀವು ದಡ್ಡರಲ್ಲ, ನಾನು ದಡ್ಡ. ಅದಕ್ಕೆ ಈ ಸಲ ಪರದೆಗಿಂತ ನಿಮ್ಮ ಮುಖವನ್ನೇ ಹೆಚ್ಚು ನೋಡಿದೆ. ಪಂಜರ ಬಂದಾಗ ನೀವು ಆರಾಮಾಗಿದ್ದಿರಿ. ಅಂಗಿ ಬಂದಾಗ ನೀವು ಉಸಿರು ಬಿಗಿಹಿಡಿದಿರಿ. ಅದು ಯಾರ ಅಂಗಿ ಅಂತ ನಾನು ಕೇಳೋದಿಲ್ಲ. ಕೇಳಿದರೆ ನೀವು ಹೇಳಬೇಕಾಗುತ್ತೆ. ಇಬ್ಬರಿಗೂ ಬೇಡ."

ಬಾಲಿಂಟ್ ಪೂರಾ ಸಿಕ್ಕಿಬಿದ್ದಿದ್ದ. ನನಗಾಗಿ ಅರ್ಧ ಗಂಟೆ ಅಳಬಲ್ಲವನಿಗೆ ತಾಯಿಗಾಗಿ ಒಂದು ಮಾತು ಆಡಲಾಗಲಿಲ್ಲ. ಅಂಗಿ ಯಾರದೆಂದು ಹೇಳಿದರೆ ಅಣ್ಣ ಬಂದೂಕು ಹಿಡಿದದ್ದು ಹೇಳಬೇಕು. ಹೇಳದಿದ್ದರೆ ವಾದಕ್ಕೆ ಬುಡವೇ ಇಲ್ಲ. ಒಪ್ಪುವುದಿಲ್ಲ ಅಂದರೆ ಇಡೀ ಚಿತ್ರ ಕಪಾಟು ಸೇರುತ್ತದೆ. ಇಪ್ಪತ್ತು ಜನರ ಒಂದು ವರ್ಷದ ದುಡಿಮೆ. ಅವನು ರುಜು ಹಾಕಿದ. ನನ್ನನ್ನು ಬೋರಲು ಮಾಡಿ, ತಟ್ಟೆಯ ತಳವನ್ನೇ ಮೇಜು ಮಾಡಿಕೊಂಡು ಹಾಕಿದ. ಈ ಸಲ ಮೆಟ್ಟಿಲಿಳಿದ ಮೇಲೆ ಮಾಗ್ದಿಯೂ ಅವನೂ ನಗಲಿಲ್ಲ. ನಾಲ್ಕು ನಿಮಿಷದ ಆ ಫಿಲ್ಮು ಮೂಟೆ ಸೇರಿ ಬೆಳ್ಳಿಯ ಕಾರ್ಖಾನೆಗೆ ಹೋಯಿತು.

ಬಿಡುಗಡೆಯ ದಿನ ಇಲ್ಕಾ ನೇನಿ ಒಳ್ಳೆಯ ಕೋಟು ಹಾಕಿಕೊಂಡು ಚಿತ್ರಮಂದಿರಕ್ಕೆ ಹೋದಳು. ಬಾಲಿಂಟ್ ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಲು ಮೂರು ಸಲ ಅಡುಗೆಮನೆಗೆ ಬಂದು ಮೂರು ಸಲವೂ ನೀರು ಕುಡಿದು ಹೋದದ್ದನ್ನು ನಾನು ಕಂಡಿದ್ದೇನೆ. ಚಿತ್ರ ನೋಡಿ ಬಂದ ಆಕೆ ಕೋಟು ತೆಗೆದು ಮೊಳೆಗೆ ಹಾಕಿದಳು. ಬೈಯಲಿಲ್ಲ, ಅಳಲಿಲ್ಲ. "ದೀಪ ಹತ್ತೋವರೆಗೂ ಕಾದೆ" ಅಂದಳು, ಅಷ್ಟೇ. ಆಮೇಲೆ ಕುರ್ಚಿ ಎಳೆದು, ಹತ್ತಿ, ನನ್ನ ಬಾಗಿಲು ತೆರೆದು, ಈರುಳ್ಳಿಗಳನ್ನು ಒಂದೊಂದಾಗಿ ತೆಗೆದು ಬುಟ್ಟಿಗೆ ಹಾಕಿದಳು. ಮತ್ತೆಂದೂ ನನ್ನೊಳಗೆ ಏನನ್ನೂ ಇಡಲಿಲ್ಲ. ಶನಿವಾರದ ಇಸ್ತ್ರಿ ಮಾತ್ರ ನಿಲ್ಲಿಸಲಿಲ್ಲ. ಮೂರು ಚಳಿಗಾಲ ಕಳೆದ ಮೇಲೆ ಆಕೆ ತೀರಿಕೊಂಡಳು.

ನಾನು ಬಯಸಿದ್ದು ನನಗೆ ಸಿಕ್ಕಿತ್ತು. ಲಕ್ಷಾಂತರ ಜನ ನನ್ನನ್ನು ನೋಡಿದರು. ಪ್ಯಾರಿಸ್ಸಿನಲ್ಲಿ ನೋಡಿದರು, ಬರ್ಲಿನ್ನಿನಲ್ಲಿ ನೋಡಿದರು. ಪತ್ರಿಕೆಗಳು ಪುಟಗಟ್ಟಲೆ ಬರೆದವು. ಖಾಲಿ ಪಂಜರ ಅಂದರೆ ಒಬ್ಬ ಪಂಡಿತನಿಗೆ ದೇಶ, ಇನ್ನೊಬ್ಬನಿಗೆ ಆತ್ಮ, ಮತ್ತೊಬ್ಬನಿಗೆ ದೇವರಿಲ್ಲದ ಲೋಕ. ಬಾಲಿಂಟ್ ಅದನ್ನೆಲ್ಲ ಓದಿ ಮಡಚಿಟ್ಟು ಸಿಗರೇಟು ಹಚ್ಚುತ್ತಿದ್ದ. ಎಲ್ಲಿ ಹೋದರೂ ಅವನನ್ನು ಪಂಜರದ ನಿರ್ದೇಶಕ ಅಂತಲೇ ಕರೆದರು. ಹೊಸ ಚಿತ್ರ ಅಂದರೆ ಪಂಜರ ಇರುತ್ತಲ್ಲ ಅಂತ ಕೇಳಿದರು. ನನ್ನನ್ನು ಬಿಟ್ಟು ಮಾಡಿದ ಎರಡು ಚಿತ್ರಗಳನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಬೊಗ್ನಾರ್ ನಿವೃತ್ತನಾದ ಮೇಲೆ, ಟೆಲಿವಿಷನ್ನಿಗಾಗಿ ಅಂಗಿಯ ದೃಶ್ಯವನ್ನು ಮತ್ತೆ ತೆಗೆಯಲು ಹೊರಟ. ದೊಡ್ಡ ನಟಿಯೊಬ್ಬಳು ಬಂದಳು. ಹದಿನೇಳು ಸಲ ತೆಗೆದರು. ಆಕೆ ಪ್ರತಿ ಸಲವೂ ಬಲು ಚೆನ್ನಾಗಿ ಇಸ್ತ್ರಿ ಮಾಡಿದಳು. ಕೊನೆಗೆ ಬಾಲಿಂಟ್ ಎಲ್ಲರನ್ನೂ ಮನೆಗೆ ಕಳಿಸಿ, ಅಂಗಿಯನ್ನು ತಂದು ಬೀರುವಿನಲ್ಲಿಟ್ಟ. ಆಮೇಲೆ ಅವನು ಇಂಥದ್ದೇ ಬೇಕು ಅಂತ ಹಟ ಹಿಡಿದದ್ದು ನಾನು ಕಾಣೆ. ಕೊಟ್ಟದ್ದನ್ನು ಮಾಡಿದ. ಆಸ್ಪತ್ರೆಯ ಧಾರಾವಾಹಿ, ಹೊಸ ವರ್ಷದ ಹಾಡು ಕುಣಿತ, ಎಲ್ಲ.

ತೊಂಬತ್ತರ ಹೊತ್ತಿಗೆ ಆ ಸರ್ಕಾರ ಹೋಯಿತು, ಸಮಿತಿ ಹೋಯಿತು. ಬಾಲಿಂಟ್ ಸ್ವಂತ ಕಂಪನಿ ತೆರೆದು ನಿರ್ಮಾಪಕನಾದ. ರಸಪ್ರಶ್ನೆ, ಅಡುಗೆ ಕಾರ್ಯಕ್ರಮ, ಮುಗಿಯದ ಅತ್ತೆ ಸೊಸೆ ಜಗಳ. ಪ್ರತಿ ಕಾರ್ಯಕ್ರಮದ ಕೊನೆಗೆ ಕಂಪನಿಯ ಗುರುತಾಗಿ ನಾನು ಒಂದು ಸುತ್ತು ತಿರುಗುತ್ತಿದ್ದೆ. ಈಗ ಏನು ಬೇಕಾದರೂ ತೋರಿಸಬಹುದಿತ್ತು, ಕೇಳುವವರಿರಲಿಲ್ಲ. ತೋರಿಸಬೇಕಾದದ್ದು ಬೆಳ್ಳಿಯಾಗಿ ಯಾರದೋ ಚಮಚವಾಗಿತ್ತು.

ಅದರ ಮರುವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಅರವತ್ತು ವಯಸ್ಸಿನ, ತಲೆ ನರೆತ, ದಪ್ಪ ಮನುಷ್ಯ ನಿಂತಿದ್ದ. "ಬಾಲಿಂಟ್" ಅಂದ. ಬಾಲಿಂಟನ ಕೈಯಲ್ಲಿದ್ದ ಕಾಫಿ ಲೋಟ ನೆಲಕ್ಕೆ ಬಿತ್ತು. "ಅಣ್ಣಾ!"

ಗೇಜಾ ಬದುಕಿದ್ದ. ಕೆನಡಾದಲ್ಲಿ, ಟೊರಾಂಟೊ ನಗರದಲ್ಲಿ, ರೈಲು ಇಲಾಖೆಯಲ್ಲಿ ಮೆಕ್ಯಾನಿಕ್ ಆಗಿ ಮೂವತ್ತು ವರ್ಷ ಕಳೆದಿದ್ದ. ಮದುವೆ, ಮಗಳು, ಮೊಮ್ಮಕ್ಕಳು. ಇಬ್ಬರೂ ಅಡುಗೆಮನೆಯಲ್ಲಿ ಕೂತು ಒಬ್ಬರ ಮುಖ ಒಬ್ಬರು ಮುಟ್ಟಿ ನೋಡಿಕೊಂಡರು. ಅಮ್ಮ ಹೋದ ಸುದ್ದಿ ಊರಿಂದ ಬಂದವರು ಹೇಳಿದ್ದರು, ಸಮಾಧಿಗೆ ಬೆಳಿಗ್ಗೆಯೇ ಹೋಗಿಬಂದೆ ಅಂದ ಗೇಜಾ. ಬಾಲಿಂಟ್ ಥಟ್ಟನೆ ಎದ್ದ. "ಇರು ಅಣ್ಣ, ನಿನ್ನದೊಂದು ಸಾಮಾನು ಇದೆ. ತರ್ತೀನಿ" ಅಂತ ಬೀರುವಿದ್ದ ಕೋಣೆಯ ಬಾಗಿಲವರೆಗೆ ಹೋದ. ನನ್ನ ಅರವತ್ತೆರಡು ತಂತಿಯೂ ಬಿಗಿಯಾಯಿತು. ಇಪ್ಪತ್ತು ವರ್ಷದ ಮೇಲೆ ಆ ತಾಯಿಯ ಮಾತು ಮುಟ್ಟಬೇಕಾದಲ್ಲಿಗೆ ಮುಟ್ಟುತ್ತದೆ ಅಂದುಕೊಂಡೆ.

ಅಷ್ಟರಲ್ಲಿ ಗೇಜಾ ನನ್ನನ್ನು ನೋಡಿಬಿಟ್ಟ. "ಇದೇ ಅಲ್ವಾ ಆ ಪಂಜರ?" ಅಂತ ಎದ್ದು ಬಂದು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಎಪ್ಪತ್ತೊಂದರಲ್ಲಿ ಟೊರಾಂಟೊದಲ್ಲಿ ನಿನ್ನ ಸಿನಿಮಾ ತೋರಿಸಿದ್ರು, ನಮ್ಮವರ ಸಂಘದಲ್ಲಿ. ಅಷ್ಟು ಹೊತ್ತಿಗೆ ಬೇರೆಯವರೆಲ್ಲ ಮನೆಗೆ ಬರೆಯೋಕೆ ಶುರುಮಾಡಿದ್ರು, ಕೆಲವರು ಬಂದೂ ಹೋಗಿದ್ರು. ನಾನೂ ಅಮ್ಮಂಗೆ ಕಾಗದ ಬರೆದು, ಅಂಚೆಚೀಟಿ ಹಚ್ಚಿ ಜೇಬಲ್ಲಿಟ್ಕೊಂಡು ಸಿನಿಮಾಗೆ ಹೋದೆ. ನೋಡ್ತೀನಿ, ನಮ್ಮ ಅಡುಗೆಮನೆ! ಆ ಕಾಲಿಲ್ಲದ ಬಾತುಕೋಳಿ! ಅದರ ಪಕ್ಕ ಖಾಲಿ ಪಂಜರ. ಒಂದು ಸಲ ಅಲ್ಲ, ಮೂರು ಸಲ ತೋರಿಸಿದೆ ನೀನು. ನಂಗೆ ಅರ್ಥವಾಯ್ತು ಬಾಲಿಂಟ್. ಬರಬೇಡ, ಬಂದರೆ ಸಿಕ್ಕಿಬೀಳ್ತೀಯ ಅಂತ ಹೇಳ್ತಿದ್ದೀಯ. ಅಮ್ಮನ್ನ ಎಲ್ಲೂ ತೋರಿಸಲಿಲ್ಲ. ಬರೆದರೆ ಅವಳಿಗೂ ತೊಂದರೆ ಅಂತ ಅದಕ್ಕೆ ಅರ್ಥ. ಹೊರಗೆ ಬಂದು ಕಾಗದ ಹರಿದುಹಾಕಿದೆ. ಆ ಪಂಜರ ತೋರಿಸಿ ನೀನು ನನ್ನ ಪ್ರಾಣ ಉಳಿಸಿದೆ."

ಬಾಲಿಂಟ್ ಕೋಣೆಯ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ನಿಂತೇ ಇದ್ದ. ಎಪ್ಪತ್ತೊಂದರಲ್ಲಿ ಬಂದಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಕೆಳಗಿನ ಮಹಡಿಯವರ ಮಗನೂ ಬಂದೂಕು ಹಿಡಿದು ಓಡಿದವನೇ. ಅವನು ಅದಕ್ಕೆ ಎರಡು ವರ್ಷ ಮೊದಲೇ ವಿಯೆನ್ನಾದಿಂದ ಬಂದು ತಾಯಿಗೆ ಕಾಫಿಪುಡಿ ಕೊಟ್ಟು ಹೋಗಿದ್ದ. ಯಾರೂ ಅವನನ್ನು ಹಿಡಿಯಲಿಲ್ಲ. ಇದು ಬಾಲಿಂಟನಿಗೂ ಗೊತ್ತಿತ್ತು.

"ಹೌದು ತಾನೇ?" ಅಂದ ಗೇಜಾ. "ಅದನ್ನೇ ಹೇಳೋಕೆ ಇಟ್ಟಿದ್ದೆ, ಅಲ್ವಾ?"

"ಹೌದು ಅಣ್ಣ" ಅಂದ ಬಾಲಿಂಟ್. "ಅದನ್ನೇ ಹೇಳಬೇಕೂಂತಿದ್ದೆ."

"ಅಮ್ಮ ಏನಾದ್ರೂ ಅಂತಿದ್ದಳಾ ನನ್ನ ಬಗ್ಗೆ?"

"ನೀನು ದೂರ ಇರೋದೇ ಒಳ್ಳೇದು ಅಂತಿದ್ದಳು. ನೆಮ್ಮದಿಯಾಗಿದ್ದಳು."

ಗೇಜಾ ಕಣ್ಣೊರೆಸಿಕೊಂಡು ನಕ್ಕ. "ಏನೋ ತರ್ತೀನಿ ಅಂದೆಯಲ್ಲ?"

ಬಾಲಿಂಟ್ ಒಳಗೆ ಹೋದ. ಬೀರು ತೆರೆದ ಸದ್ದು ಕೇಳಿಸಿತು. ಬೀರು ಮುಚ್ಚಿದ ಸದ್ದು. ಹೊರಗೆ ಬಂದಾಗ ಅವನ ಕೈಯಲ್ಲಿ ಪ್ಲಮ್ ಹಣ್ಣಿನ ಬ್ರಾಂದಿಯ ಬಾಟಲಿ ಇತ್ತು. "ನಿನಗೆ ಅಂತ ತೆಗೆದಿಟ್ಟಿದ್ದೆ" ಅಂದ.

ಹೊರಡುವ ದಿನ ಗೇಜಾ ನನ್ನನ್ನು ಕೇಳಿ ತೆಗೆದುಕೊಂಡ. ತಮ್ಮ ಇಲ್ಲ ಅನ್ನಲಿಲ್ಲ. ವಿಮಾನದಲ್ಲಿ ಪೂರ್ತಿ ದಾರಿ ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದ. ಈಗ ನಾನು ಟೊರಾಂಟೊದ ಹನ್ನೊಂದನೆಯ ಮಹಡಿಯಲ್ಲಿ, ಸೋಫಾದ ಮೇಲುಗಡೆ, ಒಳ್ಳೆಯ ಬೆಳಕು ಬೀಳುವ ಜಾಗದಲ್ಲಿ ಇದ್ದೇನೆ. ತಂತಿಗಳು ಕಪ್ಪಾಗಿವೆ, ಚಿಲಕ ಸಡಿಲವಾಗಿದೆ. ಬಾಲಿಂಟ್ ಕೆಲವು ವರ್ಷಗಳ ಹಿಂದೆ ತೀರಿಕೊಂಡ. ಅವನ ಮನೆ ಖಾಲಿ ಮಾಡಿದವರು ಬೀರುವಿನಲ್ಲಿದ್ದ ಹಳೆ ಬಟ್ಟೆಗಳನ್ನು ಅನಾಥಾಲಯಕ್ಕೆ ಕೊಟ್ಟರಂತೆ. ಅದನ್ನು ಗೇಜಾ ಫೋನಿನಲ್ಲಿ ಕೇಳಿ, "ಒಳ್ಳೇದಾಯ್ತು, ಯಾರಿಗಾದ್ರೂ ಉಪಯೋಗಕ್ಕೆ ಬರಲಿ" ಅಂದ.

ಮನೆಗೆ ಯಾರು ಬಂದರೂ ಅವನು ನನ್ನನ್ನು ತೋರಿಸುತ್ತಾನೆ. "ನನ್ನ ತಮ್ಮ ದೊಡ್ಡ ಡೈರೆಕ್ಟರು. ಇಡೀ ಸರ್ಕಾರದ ಕಣ್ಣಿಗೆ ಮಣ್ಣೆರಚಿ ಇದರಲ್ಲಿ ನನಗೆ ಒಂದು ಮಾತು ಕಳಿಸಿದ್ದ" ಅನ್ನುತ್ತಾನೆ. ಬಂದವರು ಎದ್ದು ನಿಂತು ನನ್ನನ್ನು ಭಕ್ತಿಯಿಂದ ನೋಡುತ್ತಾರೆ. ಇಷ್ಟು ಜನ, ಇಷ್ಟು ಹತ್ತಿರದಿಂದ, ಇಷ್ಟು ಪ್ರೀತಿಯಿಂದ ನನ್ನನ್ನು ಎಂದೂ ನೋಡಿರಲಿಲ್ಲ. ಆ ನೋಟದ ಕೆಳಗೆ ನನಗೆ ಉಸಿರು ಕಟ್ಟುತ್ತದೆ. ತಪ್ಪಿಸಿಕೊಂಡು ಹೋಗಲು ನನಗೆ ಕಾಲಿಲ್ಲ, ಹೇಳಿಕೊಳ್ಳಲು ಬಾಯಿಲ್ಲ.

ಅಣ್ಣನ ಮನಸ್ಸು ನೋಯಬಾರದೆಂದು ಬಾಲಿಂಟ್ ಸುಮ್ಮನಾದ. ಅದು ದೊಡ್ಡ ಗುಣ ಅಂತ ನೀವು ಅನ್ನಬಹುದು. ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಅಣ್ಣನಿಗೆ ನೆಮ್ಮದಿ ಸಿಕ್ಕಿತು, ತಮ್ಮನಿಗೆ ಅಣ್ಣ ಸಿಕ್ಕಿದ. ಇಬ್ಬರ ನಡುವೆ ಆ ಹೆಂಗಸಿನ ಮಾತನ್ನು ಎರಡನೆಯ ಸಲ ಕತ್ತರಿಸಿದರು. ಈ ಸಲ ಸಮಿತಿ ಇರಲಿಲ್ಲ. ನನಗೆ ಬಾಯಿದ್ದಿದ್ದರೆ ನಾನು ಹೇಳಿಬಿಡುತ್ತಿದ್ದೆ. ಗೇಜಾ, ನಿನ್ನಮ್ಮ ನೀನು ದೂರ ಇರಲಿ ಅನ್ನಲಿಲ್ಲ. ಹದಿನಾರು ವರ್ಷ ಪ್ರತಿ ಶನಿವಾರ ನಿನ್ನ ಅಂಗಿ ಇಸ್ತ್ರಿ ಮಾಡಿ, ನೀನು ಬರ್ತೀಯ ಅಂತ ಕಾದಳು.